ಮೂರು ಲೀಟರಿನ ಭಾರ

ಚಾರಣದ ಸಾಮಾನು ಮಾರುವ ಅಂಗಡಿಗೆ ಹೋದರೆ ಮೊದಲು ಎದುರಿಗೆ ಹರಡುವುದು ಜಿಗಣೆ ಕಾಲುಚೀಲ, ಆಮೇಲೆ ಮಳೆಕೋಟು. ಅಂಗಡಿಯವರದೇನೂ ತಪ್ಪಿಲ್ಲ. ಬೆಟ್ಟ ಹತ್ತುವವರೆಲ್ಲ ಕೊಡಚಾದ್ರಿಗೋ ಕುಮಾರಪರ್ವತಕ್ಕೋ ಹೊರಟವರೆಂದು ಅವರ ಎಣಿಕೆ. ಚಿತ್ರದುರ್ಗದ ಜೋಗಿಮಟ್ಟಿಗೋ ಮೊಳಕಾಲ್ಮೂರು ಕಡೆಯ ಬೋಳುಗುಡ್ಡಗಳಿಗೋ ಹೊರಟವರ ಸಂಕಟವೇ ಬೇರೆ. ಇಲ್ಲಿ ಕಾದು ಕೂತಿರುವುದು ಬಿಸಿಲು, ಗಾಳಿ, ಮುಳ್ಳು ಮತ್ತು ಬಂಡೆ.

ಬಯಲುಸೀಮೆಯ ಚೀಲ ತುಂಬುವುದು ನೀರಿನಿಂದ ಶುರುವಾಗಬೇಕು. ತಂಪು ಹೊತ್ತಿನ ನಡಿಗೆಗೆ ತಲೆಗೆ ಗಂಟೆಗೆ ಅರ್ಧ ಲೀಟರ್ ಸಾಕು. ಬಿಸಿಲೇರಿ, ಏರು ಶುರುವಾದರೆ ಅದು ಒಂದು ಲೀಟರಿನ ಹತ್ತಿರ ಬರುತ್ತದೆ. ಐದು ಗಂಟೆಯ ತಿರುಗಾಟಕ್ಕೆ ಮೂರು ಲೀಟರ್ ಎಂದರೆ ಮೂರು ಕೆ.ಜಿ. ಭಾರ. ಈ ಮೂರು ಕೆ.ಜಿ. ಒಳಗೆ ಕೂತ ಮೇಲೆ ಉಳಿದ ಸಾಮಾನಿಗೆ ಎಷ್ಟು ಜಾಗವೋ ಅಷ್ಟೇ. ಒಂದೇ ದೊಡ್ಡ ಕ್ಯಾನಿಗಿಂತ ಒಂದೊಂದು ಲೀಟರಿನ ಮೂರು ಬಾಟಲಿ ಮೇಲು: ಒಂದು ಸೋರಿದರೂ ಎರಡು ಉಳಿಯುತ್ತವೆ, ಎಷ್ಟು ಕುಡಿದೆವೆಂಬ ಲೆಕ್ಕವೂ ಸಿಗುತ್ತದೆ. ಎರಡನೆಯ ಬಾಟಲಿಯ ಅರ್ಧಕ್ಕೆ ಬಂದಾಗ ತುದಿ ಸಿಗದಿದ್ದರೂ ಹಿಂದಿರುಗುವುದು ಜಾಣತನ. ಬರಿ ನೀರನ್ನೇ ಕುಡಿದು ಬೆವರಿದರೆ ಉಪ್ಪು ಕಡಿಮೆಯಾಗಿ ತಲೆಸುತ್ತು, ವಾಕರಿಕೆ ಬರುತ್ತವೆ. ಅದಕ್ಕೆ ಓಆರ್‌ಎಸ್ ಪೊಟ್ಟಣ ಇರಲಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು. ರುಚಿಗೆಂದು ಅರ್ಧ ನೀರಿಗೆ ಇಡೀ ಪೊಟ್ಟಣ ಸುರಿಯುವವರು ಔಷಧಿಯನ್ನೇ ಕಾಯಿಲೆ ಮಾಡಿಕೊಳ್ಳುತ್ತಾರೆ.

ನೀರಿನ ಚಿಂತೆ ಚಿತ್ರದುರ್ಗಕ್ಕೆ ಹೊಸದಲ್ಲ. ಏಳು ಸುತ್ತಿನ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡಕ್ಕೆ ನೀರು ಇಳಿಯುತ್ತದೆ. ಬಂಡೆಯ ಮೇಲೆ ಬಿದ್ದ ಮಳೆಗೂ ದಾರಿ ಹಾಕಿಕೊಟ್ಟಿದ್ದ ಜನ ಈ ಕೋಟೆ ಕಟ್ಟಿದವರು. ಅದೇ ಕೋಟೆಗೆ ಈಗ ಮಟಮಟ ಮಧ್ಯಾಹ್ನ ಅರ್ಧ ಲೀಟರ್ ಬಾಟಲಿ ಹಿಡಿದು ಬಂದು, ತುಪ್ಪದ ಕೊಳದ ಬಂಡೆ ಅರ್ಧ ಹತ್ತಿ ಏದುಸಿರು ಬಿಡುವವರನ್ನು ಕಂಡರೆ ಪಾಳೆಯಗಾರರು ಏನೆನ್ನುತ್ತಿದ್ದರೋ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಕಾಲ ಒಳ್ಳೆಯದು. ಆಗಲೂ ಹನ್ನೊಂದರ ನಂತರ ಬಂಡೆ ಕೆಳಗಿನಿಂದ ಸುಡಲು ಶುರುಮಾಡುತ್ತದೆ. ಟೋಪಿ ಮೇಲಿನ ಬಿಸಿಲನ್ನು ತಡೆದೀತು, ಬಂಡೆಯ ಝಳವನ್ನಲ್ಲ.

ಇನ್ನು ಶೂ. ಆಳವಾದ ಹಲ್ಲುಗಳಿರುವ ದುಬಾರಿ ಶೂ ಮಲೆನಾಡಿನ ಕೆಸರಿಗಾಗಿ ಹುಟ್ಟಿದ್ದು. ನಯವಾದ ಕಲ್ಲಿನ ಮೇಲೆ ಆ ಹಲ್ಲುಗಳ ತುದಿ ಮಾತ್ರ ನೆಲ ಮುಟ್ಟುವುದರಿಂದ ಹಿಡಿತ ಕಡಿಮೆ. ನಮಗೆ ಬೇಕಾದ್ದು ಮೆತ್ತನೆಯ ರಬ್ಬರು, ಅಗಲವಾಗಿ ನೆಲಕ್ಕೆ ಕೂರುವ ಅಟ್ಟೆ. ಹಾಗೆಂದು ಬರಿ ಫೋಮಿನ ಓಟದ ಶೂ ಹಾಕಿದರೆ ಬಳ್ಳಾರಿ ಜಾಲಿಯ ಮುಳ್ಳು ಅಟ್ಟೆ ದಾಟಿ ಪಾದದವರೆಗೆ ಬಂದು ಮಾತಾಡಿಸುತ್ತದೆ. ಹೆಬ್ಬೆರಳಿನಿಂದ ಅಟ್ಟೆಯನ್ನು ಒತ್ತಿ ನೋಡಿ, ಸುಲಭವಾಗಿ ತಗ್ಗಾದರೆ ಬೇಡ. ಕೊಳ್ಳುವುದು ಸಂಜೆಗೇ ಆಗಲಿ, ಆ ಹೊತ್ತಿಗೆ ಕಾಲು ತುಸು ಊದಿರುತ್ತದೆ. ಮುಂದೆ ಹೆಬ್ಬೆರಳಗಲ ಜಾಗ ಉಳಿಯಬೇಕು, ಇಲ್ಲದಿದ್ದರೆ ಇಳಿಯುವಾಗ ಬೆರಳು ಬಡಿದು ಉಗುರು ಕಪ್ಪಾಗುತ್ತದೆ. ಹಿಂದಿನ ದಿನ ಉಗುರು ಕತ್ತರಿಸಿಕೊಳ್ಳುವುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ, ಆದರೆ ಅದಕ್ಕಿಂತ ಅಗ್ಗದ ಸಲಕರಣೆ ಇನ್ನೊಂದಿಲ್ಲ.

ಬಟ್ಟೆಯ ವಿಷಯದಲ್ಲಿ ಪರದೇಶದ ಉಪದೇಶ ಇಲ್ಲಿ ತಲೆಕೆಳಗು. ಚಳಿ-ಮಳೆಯ ನಾಡಿನವರು ಹತ್ತಿಯನ್ನು ಶತ್ರುವೆನ್ನುತ್ತಾರೆ, ಒದ್ದೆಯಾದರೆ ಅದು ಮೈಯ ಬಿಸಿ ಹೀರುತ್ತದೆಂದು. ಒಣ ಬಿಸಿಲಿನಲ್ಲಿ ನಮಗೆ ಬೇಕಾದ್ದೇ ಅದು! ತೆಳು ಹತ್ತಿಯ ತುಂಬುತೋಳಿನ ಅಂಗಿ, ಕುತ್ತಿಗೆಗೆ ಒದ್ದೆ ಟವೆಲ್ಲು. ಕಾಲುಚೀಲ ಮಾತ್ರ ಹತ್ತಿಯದು ಬೇಡ. ಬೆವರು ಹಿಡಿದಿಟ್ಟು ಚರ್ಮ ಮೆತ್ತಗಾಗಿ ಗುಳ್ಳೆ ಏಳುತ್ತದೆ. ಅಂಗಿಗೆ ಸೆಂಟು ಹಾಕಬೇಡಿ. ಬಂಡೆಯ ಅಡಿಯಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಘಾಟು ವಾಸನೆ, ಹೊಗೆ ಎರಡೂ ಅದಕ್ಕೆ ಆಗದು.

ಚೀಲ ಹಗಲಿಗೆ 20ರಿಂದ 30 ಲೀಟರಿನದು ಧಾರಾಳ. ದೊಡ್ಡದನ್ನು ಕೊಂಡರೆ ಖಾಲಿ ಜಾಗ ಕಂಡು ಕೈ ಸುಮ್ಮನಿರುವುದಿಲ್ಲ. ಮೇಲಾಗಿ ಓಬವ್ವನ ಕಿಂಡಿಯಲ್ಲಿ ಉಬ್ಬಿದ ಚೀಲದ ಸಮೇತ ನುಗ್ಗುವ ಸಾಹಸ ಯಾರಿಗೂ ಬೇಡ. ರಾತ್ರಿ ತಂಗುವ ದೊಡ್ಡ ಚೀಲವಾದರೆ ದರ್ಜಿಯ ಟೇಪು ಹಿಡಿದು ಕುತ್ತಿಗೆಯ ಉಬ್ಬು ಮೂಳೆಯಿಂದ ಸೊಂಟದ ಎಲುಬಿನ ಮಟ್ಟದವರೆಗೆ ಅಳೆಯಿರಿ. ಚೀಲದ ಬೆನ್ನು ಅದಕ್ಕೆ ಹೊಂದಬೇಕು. ಹೊರುವಾಗ ಪಟ್ಟಿಗಳನ್ನೆಲ್ಲ ಸಡಿಲ ಮಾಡಿ, ಮೊದಲು ಸೊಂಟಪಟ್ಟಿ ಬಿಗಿದು ಆಮೇಲೆ ಭುಜದ್ದು, ಕೊನೆಗೆ ಎದೆಯದು. ಭುಜವನ್ನೇ ಮೊದಲು ಬಿಗಿದರೆ ಭಾರವೆಲ್ಲ ಅಲ್ಲೇ ನೇತುಬೀಳುತ್ತದೆ. ನೀರು ಬೆನ್ನಿಗೆ ಒತ್ತಿ ಚೀಲದ ಮಧ್ಯಮಟ್ಟದಲ್ಲಿರಲಿ. ಹೊರಜೇಬಿನಲ್ಲಿಟ್ಟರೆ ಚೀಲ ಹಿಂದಕ್ಕೆಳೆಯುತ್ತದೆ, ಬಾಳೆಹಣ್ಣಿಟ್ಟರೆ ಕೋಟೆಯ ಮಂಗ ಎಳೆಯುತ್ತದೆ.

ಕೋಟೆಯಲ್ಲಿ ರಾತ್ರಿ ತಂಗುವಂತಿಲ್ಲ. ಜೋಗಿಮಟ್ಟಿಯ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅಲ್ಲಿ ಕರಡಿ, ಚಿರತೆಗಳಿವೆ. ಅನುಮತಿ ಸಿಕ್ಕ ಕಡೆ ಟೆಂಟು ಹಾಕುವುದಾದರೆ ಗೂಟದ ಆಸೆ ಬಿಡಿ, ಕಲ್ಲಿಗೆ ಗೂಟ ಇಳಿಯುವುದಿಲ್ಲ. ಹಗ್ಗವನ್ನು ಸಣ್ಣ ಕಲ್ಲಿಗೆ ಕಟ್ಟಿ, ಅದರ ಮುಂದೆ, ಟೆಂಟಿನ ಕಡೆಗೆ, ಹಗ್ಗದ ಮೇಲೇ ದೊಡ್ಡ ಕಲ್ಲು ಹೇರಿದರೆ ಎಳೆದಷ್ಟೂ ಬಿಗಿಯುತ್ತದೆ. ಟೆಂಟಿನ ತಗ್ಗು ಬದಿ ಗಾಳಿಗೆದುರಾಗಿರಲಿ. ಈ ಗುಡ್ಡಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಹೊದಿಕೆಗೆ ಚಳ್ಳಕೆರೆಯ ಕಂಬಳಿ ಭಾರವೇ ನಿಜ, ಆದರೆ ಇಬ್ಬನಿ ಬಿದ್ದರೂ ಬೆಚ್ಚಗಿರುತ್ತದೆ, ಕಿಡಿ ಸಿಡಿದರೆ ನೈಲಾನಿನ ಹಾಗೆ ತೂತು ಬೀಳುವುದಿಲ್ಲ.

ಟಾರ್ಚು ಹಣೆಗೆ ಕಟ್ಟುವಂಥದು ಬೇಕು. ಚಂದ್ರವಳ್ಳಿಯ ಅಂಕಲಿ ಮಠದ ಗುಹೆಯಲ್ಲಿ ಗೋಡೆ ತಡವಲು ಎರಡೂ ಕೈ ಬೇಕಾಗುತ್ತವೆ, ಮೊಬೈಲು ಹಿಡಿದು ಆಗದ ಕೆಲಸ. ಕಲ್ಲುಸಂದಿಗೆ ಕಣ್ಣು ಹಾಕದೆ ಕೈ ಹಾಕಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗದಂತಿರಿಸಿ, 112ಕ್ಕೆ ಫೋನು ಮಾಡಿ, ಜಿಲ್ಲಾಸ್ಪತ್ರೆ.

ಬುತ್ತಿಯಲ್ಲಿ ದಾವಣಗೆರೆಯವರು ಅದೃಷ್ಟವಂತರು. ಮಂಡಕ್ಕಿಯಷ್ಟು ಹಗುರ ಆಹಾರ ಯಾವ ಕಂಪನಿಯೂ ಮಾಡಿಲ್ಲ. ಆದರೆ ಮನೆಯಲ್ಲೇ ಈರುಳ್ಳಿ, ಟೊಮೆಟೊ ಕಲಸಿ ತಂದರೆ ಗುಡ್ಡದ ತುದಿಯಲ್ಲಿ ಸಿಗುವುದು ಒದ್ದೆ ಹಿಟ್ಟು. ನರ್ಗಿಸ್ ಮಂಡಕ್ಕಿ ಒಣಗೇ ಇರುತ್ತದೆ, ಖಾರ ಮಾತ್ರ ಮೂರು ಲೀಟರಿನ ಲೆಕ್ಕವನ್ನೇ ಕೆಡಿಸುತ್ತದೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಚೆನ್ನ. ಅವ್ವ "ಇನ್ನೆರಡು ಇರ್ಲಿ ಕಣಪ್ಪ, ಜೊತೆಗಿದ್ದೋರು ತಿಂತಾರೆ" ಎಂದು ಕಟ್ಟಿಕೊಟ್ಟರೆ ಬೇಡವೆನ್ನಬೇಡಿ. ಜೊತೆಯವರು ಅವರ ಅವ್ವಂದಿರ ಮಾತು ಕೇಳಿರುವುದಿಲ್ಲ.