ಸತ್ಯಾಂಶ: ಗೇಟಿನ ಮೇಲಿನ ನೇರಳೆ ಅವರೆ ವಿಷವೇ?

‘ನೇರಳೆ ಹೂವಿನ ಅಲಂಕಾರದ ಅವರೆ ಬಳ್ಳಿ ಮುಟ್ಟಿದರೂ ವಿಷ, ಕೂಡಲೇ ಕಿತ್ತುಹಾಕಿ’ ಎಂಬ ಸಂದೇಶ ನಮ್ಮ ಬೆಂಗಳೂರಿನ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂತು. ಕತ್ತರಿ ಕೆಳಗಿಡಿ. ಗೇಟಿಗೆ ಹಬ್ಬಿ, ಎಣ್ಣೆ ಸವರಿದಂತೆ ಹೊಳೆಯುವ ನೇರಳೆ ಕಾಯಿ ಬಿಡುವ ಆ ಬಳ್ಳಿ, ಚಳಿಗಾಲದಲ್ಲಿ ನಾವು ಹಿತಕಿದ ಬೇಳೆ ಸಾರು ಮಾಡುವ ಅವರೆಯದೇ ಜಾತಿ. ಮುಟ್ಟಿದರೆ ವಿಷವೇರುವುದಿಲ್ಲ.

ಸಂದೇಶದಲ್ಲಿ ಎಳ್ಳಷ್ಟು ನಿಜವಿದೆ: ಬಲಿತು ಒಣಗಿದ ಬೀಜದಲ್ಲಿ ಸಯನೈಡ್ ಹೊರಬಿಡುವ ಅಂಶವಿರುತ್ತದೆ. ಹಸಿಯಾಗಿ ತಿನ್ನಬಾರದು. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಬೇಕು. ಮಧ್ಯೆ ನೀರು ಬದಲಿಸಿದರೆ ಇನ್ನೂ ಒಳ್ಳೆಯದು.

ಹೆದರಲೇಬೇಕೆಂದರೆ ಗುಲಗಂಜಿಗೆ ಹೆದರಿ. ಕೆಂಪು ಬೀಜ, ತುದಿಗೆ ಕಾಡಿಗೆಯಿಟ್ಟಂಥ ಕಪ್ಪು. ಅಗಿದರೆ ಒಳಗಿನ ಅಬ್ರಿನ್ ಎಂಬ ವಿಷ ಜೀವ ತೆಗೆಯಬಲ್ಲದು. ಮಗು ಬಾಯಿಗೆ ಹಾಕಿಕೊಂಡಿದ್ದರೆ ಮನೆಮದ್ದು ಬೇಡ, ಉಳಿದ ಬೀಜವನ್ನೂ ತೆಗೆದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ.