ಮೂಲೆಗೆ ಹೋದೀರಿ, ಜೋಕೆ!

ಕಂಪ್ಯೂಟರ್ ಪರದೆಗೆ ನಾಲ್ಕು ಮೂಲೆ. ಅದರಲ್ಲಿ ಒಂದೂ ಈಗ ನಮ್ಮದಲ್ಲ. ಓದುತ್ತಿರುವ ಸಾಲಿಗೆ ಮೌಸಿನ ಬಾಣ ಅಡ್ಡ ಕೂತಿದೆಯೆಂದು ಅದನ್ನು ಬದಿಗೆ ತಳ್ಳಿ ನೋಡಿ. ಮೇಲಿನ ಮೂಲೆ ತಾಗಿದರೆ ತೆರೆದಿಟ್ಟ ವಿಂಡೋಗಳೆಲ್ಲ ಕುಗ್ಗಿ, ಸಾಲಾಗಿ ನಿಂತು, 'ಯಾರು ಬೇಕಿತ್ತು?' ಎಂಬಂತೆ ನಿಮ್ಮ ಮುಖ ನೋಡುತ್ತವೆ. ಕೆಳಗಿನ ಮೂಲೆ ತಾಗಿದರೆ ಹವಾಮಾನ, ಷೇರುಪೇಟೆ, ಯಾವನೋ ನಟನ ಮೂರನೇ ಮದುವೆ ಎಲ್ಲವನ್ನೂ ಹೊತ್ತ ಫಲಕವೊಂದು ದಿಢೀರನೆ ಮೇಲೇಳುತ್ತದೆ. ನೀವಿನ್ನೂ ಕ್ಲಿಕ್ ಮಾಡಿಲ್ಲ, ಗಮನಿಸಿ. ಆ ಒಂದು ಕ್ಲಿಕ್ಕಿನ ಶ್ರಮವನ್ನೂ ನಿಮಗೆ ಕೊಡಬಾರದೆಂಬ ಕರುಣೆ ತಯಾರಕರದು.

ಇದಕ್ಕೆ ಶಾಸ್ತ್ರಾಧಾರವೂ ಇದೆ. 1954ರಲ್ಲಿ ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞರು, ಗುರಿ ದೊಡ್ಡದಿದ್ದಷ್ಟೂ ಹತ್ತಿರವಿದ್ದಷ್ಟೂ ಕೈ ಅದನ್ನು ಬೇಗ ಮುಟ್ಟುತ್ತದೆ ಎಂಬುದಕ್ಕೆ ಲೆಕ್ಕದ ಸೂತ್ರ ಕೊಟ್ಟರು. ಪರದೆಯ ಅಂಚಿಗೆ ಬಂದ ಬಾಣ ಎಷ್ಟು ಜೋರಾಗಿ ತಳ್ಳಿದರೂ ಆಚೆ ಹೋಗದು. ಹಾಗಾಗಿ ಅಂಚೆಂದರೆ ಕೊನೆಯೇ ಇಲ್ಲದಷ್ಟು ದೊಡ್ಡ ಗುರಿ. ಮೂಲೆಯಂತೂ ಕಣ್ಣು ಮುಚ್ಚಿ ತಳ್ಳಿದರೂ ತಪ್ಪದು. ಮ್ಯಾಕ್‌ನ ಮೆನು ಸಾಲು ಪರದೆಯ ತುತ್ತತುದಿಗೆ ಅಂಟಿಕೊಂಡಿರುವುದರ ಲಾಭವೂ ಇದೇ. ಇಷ್ಟನ್ನು ಡಿಸೈನರ್‌ಗಳು ಶ್ರದ್ಧೆಯಿಂದ ಓದಿಕೊಂಡರು. ಬೇಕೆಂದಾಗ ತಪ್ಪದ ಗುರಿ ಬೇಡವೆಂದಾಗಲೂ ತಪ್ಪದು ಎಂಬ ಮುಂದಿನ ಪುಟ ತಿರುವುವಷ್ಟರಲ್ಲಿ ಮೀಟಿಂಗಿಗೆ ಕರೆ ಬಂದಿರಬೇಕು.

ಈ ಮೂಲೆಭಕ್ತಿ ಪರಾಕಾಷ್ಠೆ ಮುಟ್ಟಿದ್ದು 2012ರಲ್ಲಿ, ವಿಂಡೋಸ್ 8 ಬಂದಾಗ. 1995ರಿಂದ ಕಣ್ಣೆದುರೇ ಇದ್ದ ಸ್ಟಾರ್ಟ್ ಬಟನ್ನನ್ನು ಕಿತ್ತು, ನಾಲ್ಕೂ ಮೂಲೆಗಳಲ್ಲಿ ಒಂದೊಂದನ್ನು ಬಚ್ಚಿಟ್ಟರು. ಎಡಕ್ಕೆ ಮೇಲೆ ಹಿಂದೆ ಬಿಟ್ಟುಬಂದ ಆ್ಯಪ್, ಕೆಳಗೆ ಸ್ಟಾರ್ಟ್ ಪರದೆ, ಬಲಕ್ಕೆ ಮೇಲೂ ಕೆಳಗೂ 'ಚಾರ್ಮ್ಸ್' ಎಂಬ ಪಟ್ಟಿ. ಹುಡುಕಿದವರಿಗೆ ಸಿಗದು, ಹುಡುಕದವರನ್ನು ಬಿಡದು. ಕಂಪ್ಯೂಟರ್ ಆಫ್ ಮಾಡುವ ಬಟನ್ ಆ ಚಾರ್ಮ್ಸ್ ಒಳಗಿನ ಸೆಟ್ಟಿಂಗ್ಸ್ ಒಳಗೆ. ಮರುವರ್ಷವೇ 8.1ರಲ್ಲಿ ಸ್ಟಾರ್ಟ್ ಬಟನ್ ವಾಪಸು ಬಂತು, ಹಳೆಯ ಮೆನುವನ್ನು ಮಾತ್ರ ಜೊತೆಗೆ ಕರೆತರಲಿಲ್ಲ. ಉಚಿತ ತಂತ್ರಾಂಶದವರೇನು ಕಮ್ಮಿಯೇ? ಲಿನಕ್ಸ್ ಕಂಪ್ಯೂಟರುಗಳ ಪರದೆ ಸಜ್ಜುಗೊಳಿಸುವ 2011ರ ಗ್ನೋಮ್ 3 ಎಡ ಮೇಲಿನ ಮೂಲೆಯನ್ನು ಹೀಗೇ ಮಂತ್ರಿಸಿಟ್ಟಿತು. ಅದನ್ನು ಆಫ್ ಮಾಡುವ ಸ್ವಿಚ್ ಮುಖ್ಯ ಸೆಟ್ಟಿಂಗ್ಸ್‌ನಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ 2021 ಆಗಿತ್ತು. ಅಲ್ಲಿಯವರೆಗೆ ಜನ ಎಕ್ಸ್‌ಟೆನ್ಷನ್ ಎಂಬ ಹೊರಗಿನ ತೇಪೆ ಹಾಕಿಕೊಂಡು ದಿನ ದೂಡಿದರು.

ಇಷ್ಟೆಲ್ಲ ಬೇಡಿಕೆಯಿರುವ ಜಾಗದಲ್ಲಿ ಅತಿ ಬೆಲೆಬಾಳುವ ಕಾರ್ನರ್ ಸೈಟು ಯಾರ ಹೆಸರಿಗೆ ಮಂಜೂರಾಗಿದೆ ಬಲ್ಲಿರಾ? ವಿಂಡೋಸ್‌ನಲ್ಲಿ ಪರದೆ ತುಂಬಿದ ವಿಂಡೋದ ಬಲ ಮೇಲಿನ ಮೂಲೆ ಕ್ಲೋಸ್ ಬಟನ್ನಿನದು. ಸೇವ್‌ಗಲ್ಲ, ಮಾಡಿದ್ದನ್ನು ಹಿಂತೆಗೆಯುವ ಅನ್‌ಡುಗಲ್ಲ, ಮುಚ್ಚಿಹೋಗುವುದಕ್ಕೆ. ಪಕ್ಕದಲ್ಲೇ ಗೋಡೆಗೆ ಗೋಡೆ ತಾಗಿಸಿ, ವಿಂಡೋ ದೊಡ್ಡದು ಮಾಡುವ ಬಟನ್. ದೊಡ್ಡದು ಮಾಡಿಕೊಳ್ಳಲು ಹೋಗಿ ಇದ್ದದ್ದನ್ನೂ ಕಳೆದುಕೊಳ್ಳಿ ಎಂಬ ವೈರಾಗ್ಯಬೋಧೆ ಅಲ್ಲೇ ಇದೆ.

ಕೀಬೋರ್ಡಿನಲ್ಲೂ ಇದೇ ನೆರೆಹೊರೆ. ಕಂಟ್ರೋಲ್ ಜೊತೆ ಡಬ್ಲ್ಯೂ ಒತ್ತಿದರೆ ಒಂದು ಟ್ಯಾಬ್ ಮುಚ್ಚುತ್ತದೆ. ಬೆರಳು ಒಂದೇ ಒಂದು ಕೀಯಷ್ಟು ಎಡಕ್ಕೆ ಜಾರಿ ಕ್ಯೂ ಮೇಲೆ ಬಿದ್ದರೆ, ಎಷ್ಟೋ ಪ್ರೋಗ್ರಾಮ್‌ಗಳು ಇಡೀ ಸಂಸಾರ ಸಮೇತ ಹೊರಡುತ್ತವೆ. ಮತ್ತೆ ಬ್ಯಾಕ್‌ಸ್ಪೇಸ್. ಉದ್ದುದ್ದ ಅರ್ಜಿಯೊಂದನ್ನು ತುಂಬಿ, ಕೊನೆಯ ಕಾಲಮಿನಲ್ಲಿ ಒಂದಕ್ಷರ ಅಳಿಸಲು ಬ್ಯಾಕ್‌ಸ್ಪೇಸ್ ಒತ್ತುತ್ತೀರಿ. ಕರ್ಸರ್ ಕಾಲಮಿನ ಒಳಗಿರದೆ ಕೂದಲೆಳೆಯಷ್ಟು ಹೊರಗಿತ್ತು. ಬ್ರೌಸರು ಅದನ್ನು 'ಹಿಂದಿನ ಪುಟಕ್ಕೆ ಹೋಗೋಣ' ಎಂದು ತಿಳಿದು ಹೊರಟೇಬಿಟ್ಟಿತು, ನಿಮ್ಮ ವಿಳಾಸ, ವಿದ್ಯಾಭ್ಯಾಸ, ಅನುಭವ ಎಲ್ಲ ದಾರಿಯಲ್ಲೇ ಚೆಲ್ಲಿಕೊಂಡು. ಕ್ರೋಮ್ ಈ ಸೌಲಭ್ಯವನ್ನು 2016ರಲ್ಲಿ ತೆಗೆದುಹಾಕಿತು, ಫೈರ್‌ಫಾಕ್ಸ್ 2021ರಲ್ಲಿ. ಜನ ಪಟಾಕಿ ಹೊಡೆದರೆಂದು ತಿಳಿಯಬೇಡಿ. ನಮ್ಮ ಬ್ಯಾಕ್‌ಸ್ಪೇಸ್ ನಮಗೆ ಕೊಡಿ ಎಂದು ಗಲಾಟೆಯಾಗಿ, ಕಳೆದುಕೊಂಡ ಅಪಾಯವನ್ನು ಮರಳಿ ಪಡೆಯಲೆಂದೇ ಗೂಗಲ್ ಒಂದು ಎಕ್ಸ್‌ಟೆನ್ಷನ್ ಬಿಡುಗಡೆ ಮಾಡಬೇಕಾಯಿತು. ಇಲ್ಲಿ ಡಿಸೈನರ್‌ಗಳನ್ನು ಕಂಡು ನನಗೂ ಒಂದಿಷ್ಟು ಅಯ್ಯೋ ಅನಿಸುತ್ತದೆ. ಒಬ್ಬನ ಅಭ್ಯಾಸ ಇನ್ನೊಬ್ಬನ ಅಪಘಾತ.

ಆದರೆ ಆ ಅನುಕಂಪ ಬಹಳ ಹೊತ್ತು ಉಳಿಯುವುದಿಲ್ಲ. ಎಳೆದು ಹಾಕುವ ವಿದ್ಯೆಯನ್ನೇ ನೋಡಿ. ಫೋಲ್ಡರಿನ ಮೇಲೆ ಮೌಸಿನ ಗುಂಡಿ ಒತ್ತಿ ಹಿಡಿದಾಗ ಬಾಣ ಎಷ್ಟು ಸರಿದರೆ ಅದು ಕ್ಲಿಕ್ ಅಲ್ಲ, ಎಳೆತ ಎಂದು ವಿಂಡೋಸ್ ತೀರ್ಮಾನಿಸುತ್ತದೆ? ಮೊದಲಿಂದ ಇಟ್ಟುಕೊಟ್ಟಿರುವ ಅಳತೆ 4 ಪಿಕ್ಸೆಲ್, ಅಂದರೆ ಪರದೆಯ ನಾಲ್ಕು ಚುಕ್ಕಿ. ಇಂದಿನ ಒತ್ತೊತ್ತಾದ ಪರದೆಯ ಮೇಲೆ ನಾಲ್ಕು ಪಿಕ್ಸೆಲ್ ಎಂದರೆ ಒಂದು ಸೀನು, ಒಂದು ಬಿಕ್ಕಳಿಕೆ. ಕೈ ನಡುಗುವ ವಯಸ್ಸಾದವರ ಪಾಲಿಗೆ ಅದು ಪ್ರತಿ ಕ್ಲಿಕ್ಕೂ ಹೌದು. ಹೀಗೆ ಆಫೀಸಿನ ಹಂಚಿಕೆಯ ಡ್ರೈವಿನಲ್ಲಿ ಯಾರೋ ಒಂದು ಫೋಲ್ಡರ್ ತೆರೆಯಲು ಹೋಗುತ್ತಾರೆ, ಅದು ಸದ್ದಿಲ್ಲದೆ ಪಕ್ಕದ ಫೋಲ್ಡರಿನ ಹೊಟ್ಟೆ ಸೇರುತ್ತದೆ. ಪ್ರಶ್ನೆಯಿಲ್ಲ, ಗಂಟೆಯಿಲ್ಲ. ಮರುದಿನ 'ಲೆಕ್ಕಪತ್ರ ಯಾರು ಡಿಲೀಟ್ ಮಾಡಿದ್ದು?' ಎಂಬ ವಿಚಾರಣೆ. ಮಾಡಿದವರಿಗೇ ಮಾಡಿದ್ದು ಗೊತ್ತಿಲ್ಲವಾದ್ದರಿಂದ ಎಲ್ಲರೂ ಪ್ರಾಮಾಣಿಕವಾಗಿಯೇ 'ನಾನಲ್ಲ' ಎನ್ನುತ್ತಾರೆ.

ಮೌಸಿನ ಚಕ್ರದ ಲೀಲೆ ಇನ್ನೊಂದು ತರಹ. ಹಲವು ಪ್ರೋಗ್ರಾಮ್‌ಗಳಲ್ಲಿ ಪಟ್ಟಿಯಿಂದ ಹುಟ್ಟಿದ ವರ್ಷ ಆರಿಸಿ, ಪುಟ ಕೆಳಗಿಳಿಸಲು ಚಕ್ರ ತಿರುಗಿಸಿದರೆ, ಪುಟ ಕದಲುವುದಿಲ್ಲ, ವರ್ಷ ಕದಲುತ್ತದೆ. ನೀವು ಮೂರು ವರ್ಷ ಹಿರಿಯರಾದಿರಿ. ಸಲ್ಲಿಸಿ ಬಂದ ಮೇಲೆ, ದಾಖಲೆಗೂ ಅರ್ಜಿಗೂ ತಾಳೆಯಿಲ್ಲವೆಂಬ ಪತ್ರ ಬರುತ್ತದೆ.

ಇಷ್ಟೆಲ್ಲ ನಡೆಯುವಾಗ ಬಾಯಿ ಬಿಡದ ಕಂಪ್ಯೂಟರು ಮೂಕವೇನಲ್ಲ. ಕೇಳಬಾರದ ಹೊತ್ತಲ್ಲಿ ಕೇಳುತ್ತದೆ. ಸುಮ್ಮನೆ ತೆರೆದು ನೋಡಿದ ಕಡತ ಮುಚ್ಚಲು ಹೋದರೆ 'ಬದಲಾವಣೆ ಉಳಿಸಲೇ?' ಎನ್ನುತ್ತದೆ. ಏನು ಬದಲಾವಣೆ ಎಂದು ನೀವು ತಲೆ ಕೆರೆದುಕೊಳ್ಳಬೇಕು. 2007ರ ವಿಂಡೋಸ್ ವಿಸ್ಟಾ ಈ ವಿಷಯದಲ್ಲಿ ಮೇರು. ಪ್ರೋಗ್ರಾಮ್ ಹಾಕಲಿ, ಸೆಟ್ಟಿಂಗ್ ಮುಟ್ಟಲಿ, ಪರದೆ ಮಬ್ಬಾಗಿಸಿ ಅನುಮತಿ ಕೇಳುತ್ತಿತ್ತು. ಭದ್ರತೆಗೆಂದು ತಂದ ಈ ಪದ್ಧತಿಯಿಂದ ಜನ ಕಲಿತದ್ದು ಒಂದೇ: ಮಬ್ಬಾದ ಕೂಡಲೇ, ಓದದೆ, ಒಪ್ಪಿಗೆ ಒತ್ತುವುದು. ಮುಂದಿನ ವಿಂಡೋಸ್ 7ರಲ್ಲಿ, ಎಷ್ಟು ಕಾಡಬೇಕೆಂದು ನೀವೇ ಹೇಳಿ ಎಂದು ಏರಿಳಿಸುವ ಪಟ್ಟಿ ಕೊಟ್ಟರು. ಕಾಟಕ್ಕೂ ವಾಲ್ಯೂಮ್ ಬಂತು.

ಅಸಲಿ ವಿಷಯ ಏನೆಂದರೆ, 'ಖಚಿತವೇ?' ಎಂಬ ಪ್ರಶ್ನೆ ನಿಮ್ಮನ್ನು ಕಾಪಾಡಲು ಇರುವುದಲ್ಲ. ಕೇಳಿದ್ದೆವಲ್ಲ ಸ್ವಾಮಿ, ನೀವೇ ಹೌದು ಅಂದಿರಿ ಎನ್ನಲು ಇರುವುದು. ಬೇಕಿದ್ದರೆ ಸಿಟಿಬ್ಯಾಂಕಿನವರನ್ನು ಕೇಳಿ. 2020ರ ಆಗಸ್ಟಿನಲ್ಲಿ ಅವರು ರೆವ್ಲಾನ್ ಎಂಬ ಸೌಂದರ್ಯವರ್ಧಕ ಕಂಪನಿಗೆ ಸಾಲ ಕೊಟ್ಟವರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ತಲುಪಿಸಬೇಕಿತ್ತು. ತಂತ್ರಾಂಶದ ಲೆಕ್ಕದಲ್ಲಿ ಬಡ್ಡಿಯ ಜೊತೆ ಅಸಲೂ ಹೊರಡುತ್ತಿತ್ತು; ಆ ಅಸಲು ಬ್ಯಾಂಕಿನ ಒಳಗಿನ ಖಾತೆಗೇ ತಿರುಗಬೇಕಿದ್ದರೆ ಪರದೆಯಲ್ಲಿ ಮೂರು ಚೌಕಗಳನ್ನು ಭರ್ತಿ ಮಾಡಬೇಕಿತ್ತು, ಆದದ್ದು ಒಂದು. ಮೂವರು ಪರಿಶೀಲಿಸಿ ಒಪ್ಪಿಗೆ ಕೊಟ್ಟರು. ಎಚ್ಚರಿಕೆಯೂ ಬಂತು: ಹಣ ಬ್ಯಾಂಕಿನಿಂದ ಆಚೆ ಹೋಗಲಿದೆ, ಮುಂದುವರಿಯಲೇ? ಎಷ್ಟು ಹಣ ಎಂಬುದೊಂದನ್ನು ಬಿಟ್ಟು ಎಲ್ಲ ಹೇಳಿತು. ಬಡ್ಡಿ ಆಚೆ ಹೋಗಬೇಕಾದದ್ದೇ ತಾನೆ? ಹೌದು ಎಂದರು. ಅಸಲೂ ಸೇರಿ ಸುಮಾರು 90 ಕೋಟಿ ಡಾಲರ್ ಹೊರಟುಹೋಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಹೊರಟಾಗ, ಸುಮಾರು 50 ಕೋಟಿ ಡಾಲರ್ ಪಡೆದವರು ವಾಪಸು ಕೊಡೆವು ಎಂದರು. 2021ರಲ್ಲಿ ನ್ಯಾಯಾಲಯ ಅವರ ಪರವೇ ನಿಂತಿತು, 2022ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅನ್‌ಡು ಬಟನ್ ಇಡದ ಕಡೆ ಅದರ ಕೆಲಸವನ್ನು ಕಪ್ಪು ಕೋಟಿನವರು ಮಾಡಿಕೊಡಬೇಕು, ಎರಡು ವರ್ಷ ಹಿಡಿಯುತ್ತದೆ.

ಹಾಗೆಂದು, ಅಪಾಯದ ಗುಂಡಿಗೆ ತಪ್ಪಿ ಕೈ ತಾಗದಂತೆ ನೋಡಿಕೊಳ್ಳುವ ವಿದ್ಯೆ ಯಾರಿಗೂ ತಿಳಿದಿರಲಿಲ್ಲ ಎನ್ನುವಂತಿಲ್ಲ. ಐಬಿಎಂ ಪಿಸಿ ರೂಪುಗೊಳ್ಳುತ್ತಿದ್ದ ದಿನಗಳಲ್ಲಿ, ಅಂದರೆ 1981ರ ಆಸುಪಾಸಿನಲ್ಲಿ, ಡೇವಿಡ್ ಬ್ರಾಡ್ಲಿ ಎಂಬ ಎಂಜಿನಿಯರು ಕಂಪ್ಯೂಟರನ್ನು ಮರುಚಾಲೂ ಮಾಡಲು ಮೊದಲು ಕಂಟ್ರೋಲ್, ಆಲ್ಟ್, ಎಸ್ಕೇಪ್ ಎಂದು ಇಟ್ಟಿದ್ದರು. ಮೂರೂ ಎಡಗಡೆಯೇ, ಕೈ ತಾಗಿದರೆ ಕೆಲಸ ಕೆಟ್ಟೀತೆಂದು ಎಸ್ಕೇಪ್ ಬಿಟ್ಟು ಅತ್ತ ದೂರದ ಡಿಲೀಟ್ ಹಿಡಿದರು. ಎರಡೂ ಕೈ ಬೇಕು, ಹಾಗಾಗಿ ಮನಸ್ಸೂ ಬೇಕು. ಅದಕ್ಕೂ ಮೊದಲಿನ ಆ್ಯಪಲ್ 2ರಲ್ಲಿ ರೀಸೆಟ್ ಕೀ ರಿಟರ್ನ್ ಕೀಯ ಪಕ್ಕದಲ್ಲೇ ಕೂತು ಬೇಕಾದಷ್ಟು ಜನರನ್ನು ಅಳಿಸಿದ ಮೇಲೆ, ಕಂಟ್ರೋಲ್ ಜೊತೆ ಒತ್ತಿದರೆ ಮಾತ್ರ ಕೆಲಸ ಮಾಡುವಂತೆ ತಿದ್ದಿದರು. ಈ ಪಾಠವನ್ನು ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆಂದರೆ, ಇವತ್ತಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಪವರ್ ಬಟನ್ ಡಿಲೀಟ್ ಕೀಯ ಮಗ್ಗುಲಲ್ಲಿ, ಅದೇ ಗಾತ್ರ, ಅದೇ ಬಣ್ಣದಲ್ಲಿ ಮಲಗಿದೆ.

ಇರುವುದರಲ್ಲಿ ಮಾನವಂತ ಉಪಾಯ ಜಿಮೇಲಿನವರದು. ಕಳಿಸಿದ ಪತ್ರವನ್ನು ಹಿಂದೆ ಕರೆಯುವ ಸೌಕರ್ಯ 2009ರಲ್ಲಿ ಪ್ರಯೋಗಕ್ಕೆಂದು ಬಂದು, 2015ರಲ್ಲಿ ಎಲ್ಲರದಾಯಿತು. ಒಳಗುಟ್ಟು ಇಷ್ಟೆ: ಕಳಿಸಿದೆ ಎಂದು ಹೇಳಿ ಕೆಲವು ಸೆಕೆಂಡು ಕಳಿಸದೇ ಇಟ್ಟುಕೊಳ್ಳುತ್ತದೆ. ನೀವು ಬಯಸಿದರೆ 30 ಸೆಕೆಂಡಿನವರೆಗೂ. 'ಎಲ್ಲರಿಗೂ ಉತ್ತರಿಸಿ' ಒತ್ತಿ ಮೇಲಧಿಕಾರಿಯ ಬಗ್ಗೆ ಮನಬಿಚ್ಚಿ ಬರೆದವರನ್ನು ಈ ಸಣ್ಣ ಸುಳ್ಳು ಉಳಿಸಿದೆ. ಏನನ್ನೂ ಕೇಳುವುದಿಲ್ಲ, ಉಪದೇಶಿಸುವುದಿಲ್ಲ, ಮಾಡಿಕೊಡುತ್ತದೆ, ಬೇಡವೆಂದರೆ ಬಿಡುತ್ತದೆ. ಇಂಥದ್ದು ಅಪರೂಪ, ಯಾಕೆಂದರೆ ಅನ್‌ಡು ಕಟ್ಟುವುದಕ್ಕೆ ತಿಂಗಳುಗಟ್ಟಲೆ ಕೆಲಸ. 'ಖಚಿತವೇ?' ಎಂಬ ಪೆಟ್ಟಿಗೆಗೆ ಒಂದು ಮಧ್ಯಾಹ್ನ ಸಾಕು.

ಈಚೆಗೆ, 2024ರಿಂದ, ಹೊಸ ವಿಂಡೋಸ್ ಕೀಬೋರ್ಡುಗಳಲ್ಲಿ ಕೋಪೈಲಟ್ ಎಂಬ ಕೀ ಬಂದಿದೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಕೂತಿರುವುದು ಬಲಗಡೆಯ ಕಂಟ್ರೋಲ್ ಇದ್ದ ಜಾಗದಲ್ಲೇ. ಹಳೆಯ ಅಭ್ಯಾಸದ ಬೆರಳು ಅಲ್ಲಿಗೆ ಹೋದರೆ ಕೃತಕ ಬುದ್ಧಿಮತ್ತೆ ಎದ್ದು ಬಂದು, ಏನು ಸೇವೆ ಮಾಡಲಿ ಎಂದು ಕೈಕಟ್ಟಿ ನಿಲ್ಲುತ್ತದೆ. ತಪ್ಪಿ ಒತ್ತಿದೆ, ಹೋಗಪ್ಪ ಎಂದು ಬರೆದು ನೋಡಿ. ತಪ್ಪಿ ಒತ್ತುವುದು ಸಹಜ ಎಂದು ಸಮಾಧಾನ ಹೇಳಿ, ಒತ್ತದಿರಲು ಏಳು ಸಲಹೆ ಕೊಟ್ಟು, ಎಂಟನೆಯದೂ ಬೇಕೇ ಎಂದು ಕೇಳುತ್ತದೆ.