ಬ್ಲ್ಯಾಕ್ ಬೆಲ್ಟ್ ಎಷ್ಟು ತಿಂಗಳಿಗೆ ಕೊಡ್ತೀರಾ ಮೇಡಂ?

ಇವತ್ತು ಬೆಳಗ್ಗೆ ಕರಾಟೆ ಕ್ಲಾಸ್ ಮುಗಿಸಿ ಕಸ ಗುಡಿಸ್ತಾ ಇದ್ದೆ, ಒಬ್ರು ಮಗನ ಕೈ ಹಿಡ್ಕೊಂಡು ಬಂದ್ರು. ಹುಡುಗನಿಗೆ ಆರು ತುಂಬಿ ಏಳಿರಬೇಕು. ಚಪ್ಪಲಿ ಹಾಕ್ಕೊಂಡೇ ಒಳಗೆ ಬಂದ್ರು, ಹೋಗ್ಲಿ ಅದನ್ನ ಬಿಡಿ. ನಮಸ್ಕಾರ ಇಲ್ಲ, ಹುಡುಗನ ಹೆಸರು ಹೇಳ್ಲಿಲ್ಲ, ಫೀಸ್ ಎಷ್ಟು ಅಂತಾನೂ ಕೇಳ್ಲಿಲ್ಲ. ಮೊದಲನೇ ಮಾತೇ ಇದು, "ಬ್ಲ್ಯಾಕ್ ಬೆಲ್ಟ್ ಎಷ್ಟು ತಿಂಗಳಿಗೆ ಕೊಡ್ತೀರಾ ಮೇಡಂ?"

ತಿಂಗಳಿಗೆ ಅಂತೆ! ಕೊಡ್ತೀರಾ ಅಂತೆ! ನಾನೇನು ಗ್ಯಾಸ್ ಏಜೆನ್ಸಿ ಇಟ್ಕೊಂಡಿದೀನಾ, ಬುಕ್ ಮಾಡಿದ ಎಷ್ಟನೇ ದಿನಕ್ಕೆ ಸಿಲಿಂಡರ್ ಬರತ್ತೆ ಅಂತ ಹೇಳೋಕೆ?

ಸರಿ, ಕಾಫಿ ಆಗಿರ್ಲಿಲ್ಲ, ಆದ್ರೂ ತಾಳ್ಮೆ ತಗೊಂಡು ಹೇಳಿದೆ, ಮಗು ಇನ್ನೂ ಚಿಕ್ಕದು ಸಾರ್, ಏಳೆಂಟು ವರ್ಷ ಆಗಬಹುದು, ಮಧ್ಯದಲ್ಲಿ ಬಿಟ್ಟುಹೋದ್ರೆ ಅದೂ ಇಲ್ಲ. ಅವರು ನನ್ನ ಮುಖಾನ ಟೊಮ್ಯಾಟೊ ಕೆಜಿಗೆ ನೂರು ಅಂದವರನ್ನ ನೋಡೋ ಥರ ನೋಡಿ, ಫೋನ್ ತೆಗೆದು ಒಂದು ಪೋಸ್ಟರ್ ತೋರಿಸಿದ್ರು. ಯಾರದ್ದೋ ಕ್ಲಾಸು, ಹೆಸರು ಬೇಡ. "2 ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ." ಹೂಂ, ನಮ್ಮ ರಾಜ್ಯದಲ್ಲಿ ಇದೊಂದು ಗ್ಯಾರಂಟಿ ಬಾಕಿ ಇತ್ತು.

ನೋಡಿ ಸ್ವಾಮಿ, ಈ ಬೆಲ್ಟ್ ಅನ್ನೋದು ಮೂಲದಲ್ಲಿ ಕರಾಟೆದ್ದೇ ಅಲ್ಲ. ಜಿಗೊರೊ ಕಾನೊ ಅಂತ ಒಬ್ಬರು, 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಸ್ಥಾನದಲ್ಲಿ ಹನ್ನೆರಡು ಚಾಪೆಯಷ್ಟು ಜಾಗದಲ್ಲಿ ಜೂಡೋ ಶುರು ಮಾಡಿದವರು, ಅವರೇ ಮಾರನೇ ವರ್ಷ ಇಬ್ಬರು ಶಿಷ್ಯರಿಗೆ ಮೊದಲ 'ದಾನ್', ಅಂದ್ರೆ ಮೇಲಿನ ದರ್ಜೆ, ಕೊಟ್ಟಿದ್ದು. ಕಪ್ಪು ಬೆಲ್ಟು ಬಂದಿದ್ದು ಅದಾದ ಮೇಲೆ. ಕರಾಟೆ ಹುಟ್ಟಿದ ಜಪಾನಿನ ದ್ವೀಪ ಒಕಿನಾವಾದಲ್ಲಿ ಕಲಿತಿದ್ದವರಿಗೆ ಇದ್ಯಾವುದೂ ಇರ್ಲಿಲ್ಲ, ಮೇಷ್ಟ್ರು ಇದ್ರು, ಕಾಟಾ ಇತ್ತು, ಅಂದ್ರೆ ಹೊಡೆತ, ತಡೆಗಳನ್ನ ಒಂದು ಕ್ರಮದಲ್ಲಿ ಒಬ್ಬರೇ ಮಾಡೋ ಅಭ್ಯಾಸ, ಅಷ್ಟೇ. ಗಿಚಿನ್ ಫುನಾಕೋಶಿ, ಒಕಿನಾವಾದಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದವರು, 1922ರಲ್ಲಿ ಟೋಕಿಯೋಗೆ ಬಂದು ಪ್ರದರ್ಶನ ಕೊಟ್ಟು ಅಲ್ಲೇ ಉಳಕೊಂಡ್ರು, ಕಾನೊ ಅವರ ಪದ್ಧತಿ ನೋಡಿ 1924ರಲ್ಲಿ ತಮ್ಮ ಶಿಷ್ಯರಿಗೂ ದಾನ್ ಕೊಡೋಕೆ ಶುರು ಮಾಡಿದ್ರು. ಇನ್ನು ಈ ಹಳದಿ, ಕಿತ್ತಳೆ, ಹಸಿರು, ನೀಲಿ ಕಾಮನಬಿಲ್ಲು ಇದೆಯಲ್ಲ, ಅದು ಬಹುಮಟ್ಟಿಗೆ ಯುರೋಪಿನ ಜೂಡೋ ಕ್ಲಬ್‌ಗಳಲ್ಲಿ ಬೆಳೆದಿದ್ದು. ಈ ಫುನಾಕೋಶಿಯವರೇ ಚಿಕ್ಕವರಿದ್ದಾಗ ತಮ್ಮ ಗುರು ಇತೋಸು ಹತ್ರ ಮೂರು ಕಾಟಾ ಕಲಿಯೋಕೆ ಹತ್ತು ವರ್ಷ ತಗೊಂಡ್ರಂತೆ. ಮೂರು! ನಮ್ಮ ಪೋಸ್ಟರ್‌ನವರ ಹತ್ರ ಸೇರಿದ್ರೆ ಪಾಪ ಹತ್ತು ವರ್ಷದಲ್ಲಿ ಐದು ಸಲ ಬ್ಲ್ಯಾಕ್ ಬೆಲ್ಟ್ ಆಗ್ತಿದ್ರು.

ಇನ್ನೂ ಒಂದು ಇದೆ. ಮೊದಲ ಬ್ಲ್ಯಾಕ್ ಬೆಲ್ಟ್‌ಗೆ ಜಪಾನಿನವರು 'ಶೋದಾನ್' ಅಂತಾರೆ. 'ಶೋ' ಅಂದ್ರೆ ಆರಂಭ. ಅಂದ್ರೆ ಇಷ್ಟೂ ವರ್ಷ ಆದಮೇಲೆ ಗುರುಗಳು ಕಪ್ಪು ಬೆಲ್ಟ್ ಕಟ್ಟಿ ಹೇಳೋದೇನು ಗೊತ್ತಾ, ಬಾಪ್ಪಾ, ಅ ಆ ಇ ಈ ಬರೆಯೋಕೆ ಬಂತಲ್ಲ, ಇನ್ಮೇಲೆ ಪಾಠ ಶುರು ಮಾಡೋಣ. ನಮ್ಮಲ್ಲಿ ಅದನ್ನ ಕಟ್ಟಿದ ದಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿ, ಕಾರ್ಪೊರೇಟರ್ ಫೋಟೋ ಮೇಲೆ, ಮಗು ಫೋಟೋ ಕೆಳಗೆ ಮೂಲೇಲಿ, ಮಾರನೇ ದಿನದಿಂದ ಕ್ಲಾಸಿಗೆ ಚಕ್ಕರ್.

ನಮ್ಮ ತಾತನ ವಿಷಯ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮೈಸೂರಿನ ಹಳೇ ಗರಡಿ ಪೈಲ್ವಾನ್ರು. ಆ ಗರಡೀಲಿ ಕೆಮ್ಮಣ್ಣು, ಗದೆ, ಗೋಡೆ ಮೇಲೆ ಹನುಮಂತನ ಪಟ. ಎಷ್ಟು ದಿನಕ್ಕೆ ಏನು ಸಿಗತ್ತೆ ಅಂತ ಕೇಳಿದವನಿಗೆ ನೂರು ಬಸ್ಕಿ ಸಿಗ್ತಿತ್ತು. ವಿಜಯದಶಮಿ ದಿನ ಅರಮನೇಲಿ ವಜ್ರಮುಷ್ಟಿ ಕಾಳಗ ನೋಡಿದೀರಲ್ಲ, ತಲೆ ಬೋಳಿಸ್ಕೊಂಡ ಜಟ್ಟಿಗಳು ವಾರಗಟ್ಟಲೆ ತಾಲೀಮು ಮಾಡಿ ಬರ್ತಾರೆ, ಒಂದು ಹನಿ ರಕ್ತ ಕಂಡ ಕೂಡಲೇ ಮುಗೀತು, ಕೆಲವೊಮ್ಮೆ ನಿಮಿಷಾನೂ ಆಗಲ್ಲ. ಅವರ ಸೊಂಟದಲ್ಲಿ ಯಾವ ಬಣ್ಣದ ಬೆಲ್ಟ್ ಇತ್ತು ಅಂತ ಯಾರಾದ್ರೂ ಕೇಳಿದ್ದುಂಟಾ?

ಆದ್ರೆ ಗರಡಿಯನ್ನ ತುಂಬಾ ಹೊಗಳೋಕೂ ನನಗೆ ಮನಸ್ಸು ಬರಲ್ಲ, ಯಾಕಂದ್ರೆ ಅದರೊಳಗೆ ನನಗೆ ಕಾಲಿಡೋಕೆ ಬಿಡ್ಲಿಲ್ಲ. ಹೆಣ್ಣುಮಗು. ಸ್ವಂತ ತಾತನೇ ಬಿಡ್ಲಿಲ್ಲ. ಕಿಟಕಿ ಸರಳು ಹಿಡ್ಕೊಂಡು ಹೊರಗಿಂದ ನೋಡಿದ್ದಷ್ಟೇ. ಅದೇ ಹಟಕ್ಕೆ ಹನ್ನೊಂದನೇ ವರ್ಷಕ್ಕೆ ಕರಾಟೆ ಸೇರಿದ್ದು. ಬಿಳಿ ಬಟ್ಟೆ ಹಾಕ್ಕೊಂಡು ಬಂದ ಮೊದಲ ದಿನ ತಾತ ನೋಡಿ "ಇದೇನು ಕಾಂಪೌಂಡರ್ ಡ್ರೆಸ್ಸು" ಅಂದಿದ್ರು.

ಈಗ ಬರತ್ತೆ ಕಾಮೆಂಟು, ನನಗೆ ಗೊತ್ತು. "ಮೇಡಂ, ಈಗಿನ ಮಕ್ಕಳಿಗೆ ಮೋಟಿವೇಶನ್ ಬೇಕು, ಮೂರು ತಿಂಗಳಿಗೊಂದು ಬೆಲ್ಟ್ ಇಲ್ದಿದ್ರೆ ಬೋರ್ ಆಗತ್ತೆ." ಆಗ್ಲಿ ಬಿಡಿ! ಮಗ್ಗಿ ಕಲಿಯೋವಾಗ ಬೋರ್ ಆಗ್ಲಿಲ್ವಾ? ಸರಳೆ ವರಸೆ ಹಾಡೋ ಮಗು ಎಷ್ಟು ತಿಂಗಳಿಗೆ ಕಛೇರಿ ಕೊಡತ್ತೆ ಅಂತ ಸಂಗೀತದ ಮೇಷ್ಟ್ರನ್ನ ಕೇಳೋಕೆ ನಿಮಗೆ ಧೈರ್ಯ ಇದೆಯಾ? ನಮ್ಮನ್ನ ಮಾತ್ರ ಕೇಳ್ತೀರ. ಬಣ್ಣದ ಬೆಲ್ಟ್ ಕೆಟ್ಟದ್ದು ಅಂತ ನಾನು ಹೇಳಲ್ಲ, ಯಾರು ಎಲ್ಲಿದ್ದಾರೆ ಅಂತ ಮೂವತ್ತು ಜನರ ಸಾಲಿನಲ್ಲಿ ನನಗೂ ಕಾಣಬೇಕಲ್ಲ. ಆದ್ರೆ ಮಗು ಬೆಲ್ಟಿಗಾಗಿ ಬರ್ತಿದೆ ಅನ್ನೋದು ಸುಳ್ಳು. ಮಗು ಓಡೋಕೆ, ಕಿರುಚೋಕೆ, ಪಕ್ಕದವನನ್ನ ಬೀಳಿಸೋಕೆ ಬರತ್ತೆ. ಬೆಲ್ಟಿಗೆ ಬರೋರು ಸ್ಟೇಟಸ್ ಹಾಕೋ ದೊಡ್ಡೋರು.

ಹಾಗಂತ ನಾನೇನು ಸಾಚಾ ಅಲ್ಲ. ಬರೀಬೇಕೋ ಬೇಡ್ವೋ ಅಂತ ಎರಡು ಸಲ ಅಳಿಸಿದೆ, ಬರೀತೀನಿ. ಕೊರೊನಾ ಆದಮೇಲೆ ಕ್ಲಾಸ್ ಮತ್ತೆ ಶುರು ಮಾಡಿದಾಗ ಮೂರು ತಿಂಗಳು ಹಾಲ್ ಬಾಡಿಗೆ ಬಾಕಿ, ಓನರ್ ದಿನಾ ಫೋನು. ಬೆಲ್ಟ್ ಟೆಸ್ಟ್ ಇಟ್ಟೆ. ಟೆಸ್ಟ್ ಫೀಸಿನಿಂದ ಬಾಡಿಗೆ ತೀರತ್ತೆ ಅನ್ನೋ ಲೆಕ್ಕ ಹಾಕಿನೇ ಇಟ್ಟೆ. ಹತ್ತು ವರ್ಷದ ಒಬ್ಬಳು ಹುಡುಗಿ ಕಾಟಾ ಅರ್ಧಕ್ಕೆ ಮರೆತು ನಿಂತ್ಕೊಂಡು ನನ್ನ ಮುಖ ನೋಡಿದಳು. ನಾನು ಪೇಪರ್ ನೋಡೋ ಥರ ತಲೆ ತಗ್ಗಿಸಿದೆ. ಪಾಸ್. ಹಸಿರು ಬೆಲ್ಟ್ ಕಟ್ಟಿ ಫೋಟೋಗೆ ನಿಲ್ಲಿಸಿದಾಗ ಎಲ್ಲಾ ಮಕ್ಕಳು ಹಲ್ಲು ಬಿಟ್ಟಿದ್ವು, ಅವಳು ಬಿಟ್ಟಿರ್ಲಿಲ್ಲ. ಎರಡು ತಿಂಗಳಿಗೆ ಕ್ಲಾಸ್ ಬಿಟ್ಟಳು. ಟ್ಯೂಷನ್ ಟೈಮ್ ಮೇಡಂ ಅಂದ್ರು ಅವಳಮ್ಮ. ಆ ಫೋಟೋ ಇನ್ನೂ ಹಾಲ್‌ನಲ್ಲಿದೆ, ತೆಗೆದಿಲ್ಲ.

ನಾನು ಶೋದಾನ್ ಟೆಸ್ಟಲ್ಲಿ ಮೊದಲ ಸಲ ಫೇಲು. ಮೊದಲಿಗೆ ಏನೇನೋ ದೊಡ್ಡ ಕಾಟಾ ಎಲ್ಲಾ ನೆಟ್ಟಗೆ ಮಾಡ್ದೆ, ಆದ್ರೆ ಪರೀಕ್ಷೆ ಮಾಡೋಕೆ ಬಂದಿದ್ದ ಹಿರಿಯರು ಕೊನೇಲಿ ಹೀಯಾನ್ ಶೋದಾನ್ ಮಾಡು ಅಂದ್ರು, ಅದು ಮೊದಲ ವರ್ಷದ ಮಕ್ಕಳು ಮಾಡೋ ಕಾಟಾ, ಎಡಕ್ಕೆ ತಿರುಗಿ ಗೆಡಾನ್ ಬರಾಯ್, ಕೆಳಗಿನ ಬ್ಲಾಕು. ಅಲ್ಲೇ ನಿಲ್ಲಿಸಿದ್ರು. ಹಿಂದಿನ ಕಾಲಿನ ಹಿಮ್ಮಡಿ ಎದ್ದಿತ್ತಂತೆ. ಬಸ್ಸಲ್ಲಿ ಅತ್ಕೊಂಡು ಮನೆಗೆ ಬಂದೆ. ತಾತ ಕೇಳಿ ಜೋರಾಗಿ ನಕ್ಕು, ಅವತ್ತು ಮೊದಲ ಸಲ "ನಿಮ್ಮ ಮೇಷ್ಟ್ರು ಪರವಾಗಿಲ್ವೇ" ಅಂದ್ರು.

ಬೇರೆ ಪ್ರಶ್ನೆಗಳೂ ಬರ್ತವೆ, ಅವಕ್ಕೆ ನನಗೆ ಇಷ್ಟು ಸಿಟ್ಟಿಲ್ಲ. ನಲವತ್ತೈದಾಯ್ತು, ಈಗ ಸೇರಬಹುದಾ ಅಂತಾರೆ. ಸೇರಿ, ಮಂಡಿ ನೋವಿದ್ರೆ ಮೊದಲೇ ಹೇಳಿ, ಹೈ ಕಿಕ್ ಬೇಡ ಅಷ್ಟೇ. ಹೆಂಚು ಒಡೆಯೋದು ಯಾವಾಗ ಅಂತಾರೆ ಹುಡುಗ್ರು. ಸ್ಕೂಲ್ ಡೇ ಸ್ಟೇಜ್ ಮೇಲೆ ಮಂಗಳೂರು ಹೆಂಚಿಗೆ ಬೆಂಕಿ ಹಚ್ಚಿ ಒಡೆಯೋದು, ಹೊಟ್ಟೆ ಮೇಲೆ ಬೈಕ್ ಹತ್ತಿಸೋದು ನೋಡಿ ನೋಡಿ ಕರಾಟೆ ಅಂದ್ರೆ ಅದೇ ಅಂದ್ಕೊಂಡಿದಾರೆ. ಹೆಂಚು ತಿರುಗಿ ಹೊಡೆಯಲ್ಲ ಕಂದಾ ಅಂತೀನಿ. ರಸ್ತೇಲಿ ಯಾರಾದ್ರೂ ಮೇಲೆ ಬಿದ್ರೆ ಅಂತ ಕಾಲೇಜು ಹುಡುಗೀರು ಕೇಳ್ತಾರೆ, ಇದು ನಿಜವಾದ ಪ್ರಶ್ನೆ, ಇದಕ್ಕೆ ಕೂತು ಮಾತಾಡ್ತೀನಿ. ಕೂಗು, ಕೈ ಬಿಡಿಸ್ಕೋ, ಓಡು, ಈ ಮೂರನ್ನೇ ಮೊದಲ ತಿಂಗಳೆಲ್ಲಾ ಮಾಡಿಸ್ತೀನಿ. ಕೂಗೋಕೇ ಬರಲ್ಲ ಎಷ್ಟೋ ಜನಕ್ಕೆ, ಗಂಟಲಲ್ಲಿ ದನಿ ಸಿಕ್ಕಾಕ್ಕೊಳತ್ತೆ, ಹುಟ್ಟಿದಾಗಿಂದ ಮೆಲ್ಲಗೆ ಮಾತಾಡು ಅಂತ ಹೇಳಿಸ್ಕೊಂಡಿರ್ತಾರಲ್ಲ. ಅದು ಬಿಡಿಸೋಕೇ ವಾರಗಳು ಬೇಕು, ಅದಕ್ಕೆ ಯಾವ ಬಣ್ಣದ ಬೆಲ್ಟೂ ಇಲ್ಲ.

ಬೆಳಗಿನ ಕಥೆಗೆ ಬರ್ತೀನಿ. ಅಪ್ಪ ಪೋಸ್ಟರ್ ತೋರಿಸ್ತಾ, ಡಿಸ್ಕೌಂಟ್ ಕೇಳ್ತಾ ಇದ್ದಾಗ ಮಗರಾಯ ಮೆಲ್ಲಗೆ ಶೂ ಬಿಚ್ಚಿ ಬಾಗಿಲ ಹತ್ರ ಜೋಡಿಸಿಟ್ಟು ಬಂದಿದ್ದ. ಹೊರಗೆ ಹೋಗ್ತಿದ್ದ ನಮ್ಮ ಹುಡುಗ್ರು ಬಾಗಿಲಲ್ಲಿ ತಿರುಗಿ ತಲೆ ಬಾಗಿಸೋದನ್ನೇ ನೋಡ್ತಿದ್ದ. ನನ್ನ ಕರಾಟೆ ಡ್ರೆಸ್ಸಿನ ತುದಿ ಎಳೆದು ಕೇಳಿದ, "ಆಂಟಿ, ಒಳಗಡೆ ಯಾರೂ ಇಲ್ವಲ್ಲಾ, ಅವ್ರು ಯಾರಿಗೆ ನಮಸ್ಕಾರ ಮಾಡ್ತಿದಾರೆ?"

27 ವರ್ಷದಲ್ಲಿ ಸೇರೋಕೆ ಬಂದ ಮೊದಲ ದಿನ ಇದನ್ನ ಕೇಳಿದವರು ಬೆರಳೆಣಿಕೆಯಷ್ಟು ಜನ. ನನಗೂ ತಕ್ಷಣ ಏನು ಹೇಳಬೇಕು ಅಂತ ತೋಚಲಿಲ್ಲ. "ನಾಳೆ ಬಾ, ನೀನೂ ಮಾಡು, ಆಮೇಲೆ ಹೇಳ್ತೀನಿ" ಅಂದೆ. ಅಪ್ಪನಿಗೆ, ಆರು ಗಂಟೆಗೆ ಕರೆಕ್ಟಾಗಿ ಬಿಡಿ, ಕಾಲುಗುರು ಕತ್ತರಿಸಿ ಕಳಿಸಿ, ನೀವು ಚಪ್ಪಲಿ ಹೊರಗೆ ಬಿಡಿ ಅಂದೆ.

ಮಧ್ಯಾಹ್ನ ವಾಟ್ಸಾಪ್ ಬಂದಿದೆ. "ಓಕೆ ಮೇಡಂ. ಯೆಲ್ಲೋ ಬೆಲ್ಟ್ ದಸರಾ ರಜೆ ಒಳಗೆ ಆಗತ್ತಾ?" ಇನ್ನೂ ರಿಪ್ಲೈ ಮಾಡಿಲ್ಲ, ಬ್ಲೂ ಟಿಕ್ ಬಿದ್ದುಬಿಟ್ಟಿದೆ.